ಪೊಟ್ಟಣಗಳ ಲೆಕ್ಕ, ಸೊಸೆಯ ಮೌನ

ಹತ್ತರಿಂದ ಹತ್ತೊಂಬತ್ತು ವರ್ಷದವರ ಆರೋಗ್ಯಕ್ಕೆಂದು ಕೇಂದ್ರ ಸರಕಾರವು 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಲೈಂಗಿಕ ಆರೋಗ್ಯವೂ ಅದರ ಒಂದು ಭಾಗ. ಇಂಥ ಯೋಜನೆಗಳಿಂದ ಆದ ಪ್ರಯೋಜನವೇನೆಂದು ಕೇಳಿದರೆ ಅಂಕಿ-ಅಂಶಗಳು ಮುಂದೆ ಬರುತ್ತವೆ. ಆದರೆ ಆ ಅಂಕಿಗಳು ಯಾರನ್ನು ಅಳೆದಿವೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯೋಮಾನದ ವಿವಾಹಿತೆಯರ ಪೈಕಿ ಶೇ. 68.7 ಮಂದಿ ಯಾವುದಾದರೊಂದು ಗರ್ಭನಿರೋಧಕ ವಿಧಾನವನ್ನು ಅನುಸರಿಸುತ್ತಿದ್ದರು. ಮೇಲ್ನೋಟಕ್ಕೆ ಹೆಮ್ಮೆಪಡಬೇಕಾದ ಸಂಖ್ಯೆ. ಆದರೆ ಅದರಲ್ಲಿ ಶೇ. 57.4 ಮಹಿಳೆಯರ ಸಂತಾನಹರಣ ಶಸ್ತ್ರಚಿಕಿತ್ಸೆಯದ್ದು. ಅರ್ಥಾತ್, ಇನ್ನು ಮಕ್ಕಳು ಸಾಕೆಂದವರ ಲೆಕ್ಕ. ಮಾತ್ರೆ, ಕಾಂಡೋಮ್, ವಂಕಿ ಮುಂತಾದ ಉಳಿದೆಲ್ಲವೂ ಸೇರಿ ಶೇ. 11.3 ಮಾತ್ರ. ಅದೇ ಸಮೀಕ್ಷೆಯ ಪ್ರಕಾರ, ರಾಜ್ಯದ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3 ಮಂದಿಯ ವಿವಾಹ 18 ತುಂಬುವ ಮೊದಲೇ ನಡೆದಿತ್ತು. ಹಾಗೆ ಮದುವೆಯಾದ ಹುಡುಗಿ ಮೊದಲ ಹೆರಿಗೆಯನ್ನು ಎರಡು ವರ್ಷ ಮುಂದೂಡಲು ಬಯಸಿದ್ದಳೇ? ಬಯಸಿದ್ದರೆ ಆಕೆಗೆ ನೆರವಾದವರು ಯಾರು? 68.7 ಎಂಬ ಸರಾಸರಿಯೊಳಗೆ ಆಕೆ ಕಾಣಿಸುವುದೇ ಇಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತಲೂ ವಿಚಿತ್ರ. 120 ಕಾಂಡೋಮ್ ಅಥವಾ 15 ಸುತ್ತಿನ ಮಾತ್ರೆಗಳನ್ನು ವಿತರಿಸಿದರೆ, ಒಂದು ದಂಪತಿಗೆ ಒಂದು ವರ್ಷದ ರಕ್ಷಣೆ ದೊರೆತಂತೆ ಎಂಬುದು ಅಂತಾರಾಷ್ಟ್ರೀಯ ಸಂಸ್ಥೆಗಳು ಬಳಸುವ ಸೂತ್ರ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಪೊಟ್ಟಣವೂ ಇಲ್ಲಿ ರಕ್ಷಣೆಯೇ! ಅಂಕಿಯ ಮೋಹ ನಮ್ಮ ದೇಶಕ್ಕೆ ಹೊಸತಲ್ಲ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಅಧಿಕ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಕುಟುಂಬ ಯೋಜನೆಯಲ್ಲಿ ಗುರಿ ನಿಗದಿಪಡಿಸುವ ಪದ್ಧತಿಯನ್ನು ಕೇಂದ್ರವು ಅಧಿಕೃತವಾಗಿ ಕೈಬಿಟ್ಟದ್ದು 1996ರಲ್ಲಿ.

ಹಾಗಾದರೆ ಯುವಜನರನ್ನೇ ನೇರವಾಗಿ ಕೇಳಬಾರದೇ? ಕೇಳಬೇಕು. ಆದರೆ ಹೇಗೆ ಕೇಳುತ್ತೇವೆ ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹದಿಹರೆಯದ ಹುಡುಗರು ಕಾಗದದ ಪ್ರಶ್ನಾವಳಿಯಲ್ಲಿ ಮುಚ್ಚಿಟ್ಟದ್ದನ್ನು ಹೆಡ್‌ಫೋನ್‌ನಲ್ಲಿ ಪ್ರಶ್ನೆ ಆಲಿಸಿ ಕಂಪ್ಯೂಟರಿಗೆ ಉತ್ತರಿಸುವಾಗ ಹೆಚ್ಚಾಗಿ ಒಪ್ಪಿಕೊಂಡಿದ್ದರು. ನಮ್ಮ ಸಮೀಕ್ಷೆಗಳಲ್ಲೂ ಮಹಿಳೆಯನ್ನು ಏಕಾಂತದಲ್ಲೇ ಮಾತನಾಡಿಸಬೇಕೆಂಬ ನಿಯಮವಿದೆ. ಆದರೆ ನಮ್ಮ ನಡುಮನೆಗಳಲ್ಲಿ ಸೊಸೆಗೆ ಏಕಾಂತವೆಲ್ಲಿ? ಅತ್ತೆ ಪಕ್ಕದಲ್ಲಿ, ನಾದಿನಿ ಬಾಗಿಲಲ್ಲಿ. ಆ ಹುಡುಗಿ 'ಏನೂ ಬಳಸುವುದಿಲ್ಲ' ಎಂದರೆ ಅದು ಸತ್ಯವೋ, ಸಂಕೋಚವೋ, ಭಯವೋ?

ಅಝ್ಲ್‌ನ ಕುರಿತು ಚರ್ಚಿಸಿದ ಫಿಕ್ಹ್ ವಿದ್ವಾಂಸರಲ್ಲಿ ಬಹುತೇಕರು ಅದಕ್ಕೆ ಪತ್ನಿಯ ಸಮ್ಮತಿ ಬೇಕೆಂದರು. ಶತಮಾನಗಳ ಹಿಂದೆಯೇ ಆಕೆಯ ಮಾತಿಗೆ ಅಷ್ಟು ಬೆಲೆಯಿತ್ತು. ಇಂದಿನ ಯೋಜನೆಗಳ ವರದಿಯಲ್ಲಿ ಮಾತ್ರ 'ಈ ತೀರ್ಮಾನ ಯಾರದು?' ಎಂಬ ಪ್ರಶ್ನೆಗೆ ಪೊಟ್ಟಣದ ಲೆಕ್ಕಕ್ಕಿರುವಷ್ಟು ಸ್ಥಾನವೂ ಇಲ್ಲ. ಸರಕಾರ ಅದನ್ನು ಸರಿಪಡಿಸುವವರೆಗೆ ನಾವು ಕಾಯಬೇಕಾಗಿಲ್ಲ. ಸಮೀಕ್ಷೆಯ ಕಾರ್ಯಕರ್ತೆ ಮನೆಗೆ ಬಂದಾಗ, ಚಹಾದ ನೆಪದಲ್ಲಾದರೂ ಅತ್ತೆ ಅರ್ಧ ಗಂಟೆ ಅಡುಗೆಮನೆಗೆ ಹೋಗಬಹುದು.