ಇಂಜಿನ್ ಇಳಿಸುವ ಮೊದಲು ನಂಬ್ರ ನೋಡಿ

ನಮ್ಮ ಹಳೆ ಮಾರುತಿ 800 ಕಾರಿಗೆ ಅಂಗಳದಲ್ಲೇ ಬೇರೆ ಇಂಜಿನ್ ಕೂರಿಸಿದ್ದೇವೆ ಅಂತ ಗೊತ್ತಾದ ಮೇಲೆ, ಸಿದ್ಧಕಟ್ಟೆ, ವೇಣೂರು ಕಡೆಯ ನಾಲ್ಕಾರು ಕೃಷಿಕರು ಬಂದು ನೋಡಿ ಹೋದರು. ಎಲ್ಲರದ್ದೂ ಒಂದೇ ಪ್ರಶ್ನೆ, "ಎಷ್ಟು ಬಿತ್ತು?" ನಂಬ್ರದ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಅದಕ್ಕೇ ಇದನ್ನು ಬರೆಯಬೇಕಾಯ್ತು.

ಕಾರು 1998ರದ್ದು. ಹಿಂದಿನ ಸೀಟು ತೆಗೆದರೆ ಅಡಿಕೆ ಗೋಣಿ, ಬಾಳೆಗೊನೆ, ಹಿಂಡಿ ಎಲ್ಲ ಹಿಡಿಯುತ್ತದೆ. 2024ರ ಜನವರಿಯಲ್ಲಿ ಆಯಿಲ್ ಕಡಿಮೆಯಾದದ್ದು ನನ್ನ ಗಮನಕ್ಕೆ ಬರಲಿಲ್ಲ. ಗುಡ್ಡೆ ಹತ್ತುವಾಗ ಕನೆಕ್ಟಿಂಗ್ ರಾಡು ಮುರಿದು ಬ್ಲಾಕಿಗೆ ತೂತು. ತಪ್ಪು ನನ್ನದೇ. ಹಿಂದಿನ ವರ್ಷವಷ್ಟೇ ಐದು ಸಾವಿರ ಕಟ್ಟಿ ಆರ್.ಸಿ. ನವೀಕರಣ ಮಾಡಿಸಿದ್ದೆ. 2022ರ ಮೊದಲು ಅದಕ್ಕೆ 600 ರೂಪಾಯಿ ಇತ್ತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ದಾರೆ. ಹೊಸ ಗಾಡಿಗೆ ಸಾಲ ಮಾಡಿ ಕಂತು ಕಟ್ಟುವ ತೋಟ ನನ್ನದಲ್ಲ. ಹಾಗಾಗಿ ಹಳೆ ಇಂಜಿನ್ ಹುಡುಕಲು ಹೊರಟೆ.

ಮೊದಲನೆಯದು ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ರೇಟು ಕಡಿಮೆ, ಸಂತೋಷದಿಂದ ಮುಂಗಡ ಕೊಟ್ಟೆ. ಬೆಳ್ತಂಗಡಿ ಕಡೆಯ ನಮ್ಮ ಪರಿಚಯದ ಮೆಕ್ಯಾನಿಕ್ ಹುಡುಗ ಬಂದವನು ಬಟ್ಟೆಯಿಂದ ಬ್ಲಾಕಿನ ಗ್ರೀಸು ಒರೆಸಿ ನೋಡಿದ. "ಅಣ್ಣಾ, ಇದು ಬೇಡ. ನಂಬ್ರದ ಜಾಗಕ್ಕೆ ಅರ ಹಾಕಿದ್ದಾರೆ." ಕದ್ದ ಗಾಡಿಯದ್ದೋ ಏನೋ, ಯಾರಿಗೆ ಗೊತ್ತು? ಮುಂಗಡ ವಾಪಸು ಬರಲಿಲ್ಲ. ಜಗಳ ಮಾಡಲಿಕ್ಕೂ ಹೋಗಲಿಲ್ಲ, ನನ್ನ ಹತ್ತಿರ ಚೀಟಿ ಎಲ್ಲಿತ್ತು?

ಇಲ್ಲಿ ಒಂದು ಮಾತು. ಇಂಜಿನ್ ನಂಬ್ರ ಪಂಚ್ ಮಾಡಿರುವುದು ಬ್ಲಾಕಿನ ಮೇಲೆ. ಹೆಡ್ಡು, ಕಾರ್ಬ್ಯುರೇಟರು, ಪಿಸ್ಟನ್ ಏನು ಬದಲಿಸಿದರೂ ನಂಬ್ರ ಬದಲಾಗುವುದಿಲ್ಲ. ಹಾಗಾಗಿ ಸ್ವಂತ ಬ್ಲಾಕು ಉಳಿಯುವಂತಿದ್ದರೆ ಲೇತಿಗೆ ಕೊಟ್ಟು ಬೋರಿಂಗ್ ಮಾಡಿಸುವುದೇ ಲೇಸು. ಸ್ವಲ್ಪ ಜಾಸ್ತಿ ಬಿದ್ದರೂ ಅಡ್ಡಿಯಿಲ್ಲ, ಕಚೇರಿಗೆ ಅಲೆಯುವುದು ತಪ್ಪುತ್ತದೆ. ನನ್ನದು ತೂತಾದ ಕಾರಣ ಬೇರೆ ದಾರಿ ಇರಲಿಲ್ಲ.

ಎರಡನೆಯದು ಮೂಡಬಿದ್ರೆ ಹತ್ತಿರ ಸಿಕ್ಕಿತು. ಹಿಂದಿನಿಂದ ಲಾರಿ ಗುದ್ದಿ ಮೂಲೆಗೆ ಬಿದ್ದಿದ್ದ ಕಾರು, ಇಂಜಿನಿಗೆ ಪೆಟ್ಟಿಲ್ಲ. ಮಾಲಿಕರು ಆರ್.ಸಿ. ಪ್ರತಿ ಕೊಟ್ಟರು, ಮಾರಿದ್ದೇನೆ ಅಂತ ಸಹಿ ಹಾಕಿ ಬರೆದೂ ಕೊಟ್ಟರು. ಹುಡುಗ ಅಲ್ಲೇ ಮೂರೂ ಸಿಲಿಂಡರಿನ ಕಂಪ್ರೆಶನ್ ನೋಡಿದ, ಹೆಚ್ಚುಕಡಿಮೆ ಒಂದೇ ಇತ್ತು. ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಮಜ್ಜಿಗೆ ಹಾಗೆ ಬಿಳಿ ಅಂಟು ಇದ್ದರೆ ನೀರು ಸೇರಿದೆ ಅಂತ ಅರ್ಥ. ನೆರೆನೀರಲ್ಲಿ ಮುಳುಗಿದ ಗಾಡಿಯ ಇಂಜಿನ್ ಆದರಂತೂ ಮುಟ್ಟಲೇಬೇಡಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ನೀರು ಹೇಗೆ ನುಗ್ಗಿತ್ತೆಂದು ನಮಗೆ ಹೇಳಬೇಕಾಗಿಲ್ಲ. ಕೆಸರು ಹೊಕ್ಕ ಬೇರಿಂಗು ಹೊರಗಿನಿಂದ ಕಾಣುವುದಿಲ್ಲ.

ಇನ್ನೊಂದು, ಕಾರ್ಬ್ಯುರೇಟರ್ ಕಾರಿಗೆ ಕಾರ್ಬ್ಯುರೇಟರ್ ಇಂಜಿನನ್ನೇ ಹುಡುಕಿ. 2000ದ ಆಸುಪಾಸಿನಲ್ಲಿ ಬಂದ ಎಂ.ಪಿ.ಎಫ್.ಐ. ಇಂಜಿನೂ ಅದೇ 796 ಸಿ.ಸಿ.ಯದ್ದು, ಆದರೆ ಅದಕ್ಕೆ ಕಂಪ್ಯೂಟರು, ವಯರಿಂಗು, ಟ್ಯಾಂಕಿಯೊಳಗೆ ಪಂಪು ಎಲ್ಲ ಬೇಕು. ಓಮ್ನಿಯದ್ದು ಕೂರುವ ಕ್ರಮವೇ ಬೇರೆ, ಅದು ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ.

ಇಳಿಸಿ ಏರಿಸುವ ಕೆಲಸಕ್ಕೆ ಎರಡು ದಿನ ಸಾಕಾಯ್ತು. ಬೋರ್‌ವೆಲ್ ಪಂಪು ಎತ್ತುವ ಮೂರು ಕಾಲಿನ ಕಂಬ, ಚೈನ್ ಬ್ಲಾಕು ನೆರೆಮನೆಯಿಂದ ತಂದೆವು. ಹಲಸಿನ ಗೆಲ್ಲಿಗೆ ಹಗ್ಗ ಹಾಕುವ ಅಂತ ಮಗ ಹೇಳಿದ, ನಾನು ಬಿಡಲಿಲ್ಲ. ತೂಗುವ ಇಂಜಿನಿನ ಅಡಿಗೆ ಕೈಕಾಲು ಹಾಕುವುದು ಯಾರಿಗೂ ಬೇಡ. ಹೊರಗಿರುವಾಗಲೇ ಟೈಮಿಂಗ್ ಬೆಲ್ಟು, ಆಯಿಲ್ ಸೀಲು, ಕ್ಲಚ್ ಪ್ಲೇಟು, ವಾಟರ್ ಪಂಪು ಹೊಸದು ಹಾಕಿದೆವು. ಆಮೇಲೆ ಅದಕ್ಕೇ ಮತ್ತೆ ಬಿಚ್ಚುವುದು ಮೂರ್ಖತನ. ಪೆಟ್ರೋಲಿನ ರಬ್ಬರ್ ಪೈಪುಗಳೂ ಹೊಸದೇ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು, ಹಳೆ ರಬ್ಬರಿಗೆ ಅದು ಆಗುವುದಿಲ್ಲ.

ಕಾಗದದ ಕೆಲಸಕ್ಕೆ ಎರಡು ತಿಂಗಳು ಬೇಕಾಯ್ತು ಮಾರಾಯ್ರೇ. ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ, ತಯಾರಿಸಿದವರು ನಮೂದಿಸಿದ್ದಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ತಪ್ಪಿದರೆ ಆರು ತಿಂಗಳವರೆಗೆ ಸಜೆ ಅಥವಾ ಒಂದೊಂದು ಬದಲಾವಣೆಗೆ 5,000 ದಂಡ, ಎರಡೂ ಆಗಬಹುದು. ಪೆಟ್ರೋಲ್ ಜೀಪಿಗೆ ಕೈಗೆ ಸಿಕ್ಕಿದ ಡೀಸೆಲ್ ಇಂಜಿನ್ ಹಾಕುತ್ತಿದ್ದ ಕಾಲ ಮುಗಿಯಿತು. ಆದರೆ ಅದೇ ಕಂಪೆನಿಯ, ಅದೇ ಮಾದರಿಯ, ಅದೇ ಸಿ.ಸಿ.ಯ ಇಂಜಿನ್ ಹಾಕಿದವನನ್ನೂ ಮೂರು ಮೂರು ಸಲ ಯಾಕೆ ಓಡಿಸಬೇಕು? ಕಚೇರಿಯಲ್ಲಿ ಒಬ್ಬರು ಅಂಗಡಿ ಬಿಲ್ಲು ತನ್ನಿ ಎಂದರು. ಮತ್ತೊಬ್ಬರು ಮಾಲಿಕರನ್ನೇ ಕರಕೊಂಡು ಬನ್ನಿ ಎಂದರು. ಏನೇನು ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಆಗದೇ? ಈ ಅಲೆದಾಟಕ್ಕೆ ಹೆದರಿಯೇ ಜನ ಹೇಳದೆ ಹಾಕಿಸಿಕೊಳ್ಳುವುದು. ಅರ ಹಾಕಿದ ಬ್ಲಾಕುಗಳಿಗೆ ಗಿರಾಕಿ ಸಿಗುವುದೂ ಅಲ್ಲಿಂದಲೇ.

ಹೇಳದೆ ಹಾಕಿಸಿದವರು ಒಮ್ಮೆ ವಿಮೆ ಪಾಲಿಸಿ ತೆಗೆದು ನೋಡಿ. ಅದರಲ್ಲಿ ಹಳೆ ಇಂಜಿನ್ ನಂಬ್ರವೇ ಇರುತ್ತದೆ. ಶಾಲೆಗೆ ಹೋಗುವ ಮಗುವಿಗೆ ಗಾಡಿ ತಾಗಿದರೆ ಕಂಪೆನಿ ಮೊದಲು ನೋಡುವುದು ಗಾಡಿಯ ಕಾಗದವನ್ನು. ಪರಿಹಾರ ತೋಟದ ಮೇಲೆ ಬಂದರೆ ನಮ್ಮಂಥವರಲ್ಲಿ ಉಳಿಯುವುದೇನು?

ಆದ ಕಾರಣ ಕಚೇರಿಯಲ್ಲಿ ಮೊದಲೇ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ನಾನು ಮಾಡಿದ್ದು ಇದರ ಉಲ್ಟಾ. ಕಾರು ತಯಾರಾಗಿಯೂ ಎರಡು ತಿಂಗಳು ಟಾರ್ಪಾಲಿನಡಿಯಲ್ಲಿತ್ತು, ಗೋಣಿಗಳನ್ನು ಬಾಡಿಗೆ ರಿಕ್ಷಾದಲ್ಲಿ ಸಾಗಿಸಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆ ಯಾರಾದರೂ ಒಂದೇ ಭೇಟಿಯಲ್ಲಿ ನಂಬ್ರ ಬದಲಿಸಿಕೊಂಡದ್ದಿದ್ದರೆ, ಯಾವ ಯಾವ ಕಾಗದ ಕೊಟ್ಟಿರಿ ಅಂತ ದಯವಿಟ್ಟು ಪತ್ರಿಕೆಗೆ ಬರೆಯಿರಿ.