ತರಬೇತಿಗೆ ಮುನ್ನ ಮುಖ್ಯ ಶಿಕ್ಷಕರ ಅಗತ್ಯ ಅಳೆಯಬೇಕೇ?

ಪರ

ಶಿಕ್ಷಕರಂತೆ ಶಾಲಾ ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆ 50 ಗಂಟೆಯಲ್ಲಿ ಏನು ಕಲಿಸಬೇಕು? ಈಗಂತೂ ನಿನ್ನೆ ಬಡ್ತಿ ಸಿಕ್ಕ ವಿಜ್ಞಾನ ಶಿಕ್ಷಕಿಗೂ ಮುಂದಿನ ವರ್ಷ ನಿವೃತ್ತರಾಗುವ ಹಿರಿಯರಿಗೂ ಒಂದೇ ಕೊಠಡಿ, ಒಂದೇ ಪಿಪಿಟಿ. ಆಕೆಗೆ ಬೇಕಿರುವುದು ನಗದು ಪುಸ್ತಕ ಬರೆಯುವ ಕ್ರಮ, ಬಿಸಿಯೂಟದ ದಾಸ್ತಾನು ತಾಳೆ ಹಾಕುವ ರೀತಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎರಡು ಬಣ ಜಗಳಕ್ಕೆ ನಿಂತರೆ ಸಂಭಾಳಿಸುವ ಬಗೆ. ಹಿರಿಯರಿಗೆ ಅವೆಲ್ಲ ಕರತಲಾಮಲಕ. ಆದರೆ ಸಹೋದ್ಯೋಗಿಯ ಪಾಠ ಕೂತು ನೋಡಿ, ಮನಸ್ಸು ನೋಯದಂತೆ ತಿದ್ದುವುದು ಬಾರದು.

ಯಾರಿಗೆ ಏನು ಬೇಕೆಂಬುದು ಗೂಗಲ್ ಫಾರಂ ಕಳಿಸಿದರೆ ತಿಳಿಯುವ ಸಂಗತಿಯಲ್ಲ. 'ಕಂಪ್ಯೂಟರ್ ತರಬೇತಿ' ಎಂದು ಬರೆದು ಕೈತೊಳೆದುಕೊಳ್ಳುವುದು ಯಾರಿಗೂ ಸುಲಭ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರು (ಡಯಟ್) ಒಂದು ದಿನ ಶಾಲೆಯಲ್ಲೇ ಕೂರಲಿ. ವಹಿಗಳನ್ನು ತೆರೆದು ನೋಡಲಿ, ಶಿಕ್ಷಕರನ್ನೂ ಪೋಷಕರನ್ನೂ ಮಾತನಾಡಿಸಲಿ.

ವಿರೋಧ

ಅಳೆಯುವವರು ಯಾರು? ರಜೆ, ಅನುದಾನ, ತಪಾಸಣೆ ಯಾರ ಕೈಯಲ್ಲಿದೆಯೋ ಅದೇ ಇಲಾಖೆ. 'ನನಗೆ ಲೆಕ್ಕ ಬರೆಯಲು ಬರುವುದಿಲ್ಲ' ಎಂದು ಆ ಇಲಾಖೆಗೆ ಸಹಿ ಹಾಕಿ ಕೊಡುವ ಮುಖ್ಯ ಶಿಕ್ಷಕರಿದ್ದರೆ ತೋರಿಸಿ. ನಾಳೆ ಆಡಿಟ್‌ನವರು ಆಕ್ಷೇಪಣೆ ಎತ್ತಿದಾಗ ಅದೇ ಕಾಗದ ಕೊರಳಿಗೆ ಬೀಳುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಹುದ್ದೆಯದು. ಶಿಕ್ಷಣ ಹಕ್ಕು ಕಾಯ್ದೆಯ ಮಾನದಂಡದಂತೆ 1ರಿಂದ 5ನೇ ತರಗತಿಗೆ ಪ್ರತ್ಯೇಕ ಮುಖ್ಯ ಶಿಕ್ಷಕರು ಸಿಗುವುದು ಮಕ್ಕಳು 150 ದಾಟಿದರೆ. 6ರಿಂದ 8ಕ್ಕೆ 100 ದಾಟಿದರೆ. ಹಳ್ಳಿಯ ಎಷ್ಟೋ ಶಾಲೆಗಳಲ್ಲಿ ಅಷ್ಟು ಮಕ್ಕಳೆಲ್ಲಿ? ಅಲ್ಲಿ ಇರುವವರಲ್ಲೇ ಹಿರಿಯರು ಪ್ರಭಾರ ಹೊರುತ್ತಾರೆ. ಎರಡು ಮೂರು ತರಗತಿಯನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಲೇ ಸ್ಯಾಟ್ಸ್ ಜಾಲತಾಣಕ್ಕೆ ಮಕ್ಕಳ ಮಾಹಿತಿ ತುಂಬಬೇಕು, ಮೊಟ್ಟೆ ಎಣಿಸಬೇಕು, ಶಾಲೆಗಳ ಕ್ಲಸ್ಟರ್‌ನಿಂದ 'ತುರ್ತು' ಎಂದು ಬರುವ ವಾಟ್ಸ್‌ಆ್ಯಪ್ ಸಂದೇಶಕ್ಕೆ ಉತ್ತರಿಸಬೇಕು. (ತುರ್ತಲ್ಲದ ಸಂದೇಶ ಇಲಾಖೆಯಿಂದ ಬಂದದ್ದುಂಟೇ?) ಗುಮಾಸ್ತರಿಲ್ಲ. ಇವರಿಗೆ ಸಾಲದೆ ಹೋಗಿರುವುದು ಹೊತ್ತು. ಅದನ್ನು ಅಳೆಯಲು ಹೊರಟವರು 'ಸಮಯ ನಿರ್ವಹಣೆಯ ತರಬೇತಿ ಅಗತ್ಯವಿದೆ' ಎಂದು ಷರಾ ಬರೆದಾರು! ಮತ್ತೆರಡು ದಿನ ಶಾಲೆ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಓಡಬೇಕು. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಅಷ್ಟೂ ದಿನ ಒಬ್ಬರೇ.

ಡಯಟ್‌ನವರು ಶಾಲೆಗೆ ಬಂದು ಕೂರುವುದಕ್ಕೆ ನಮ್ಮ ತಕರಾರಿಲ್ಲ, ಆ ಟಿಪ್ಪಣಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಕಡತ ಸೇರದಿದ್ದರೆ. ಆದರೆ ಮೊದಲು ಕ್ಲಸ್ಟರಿಗೊಬ್ಬ ಗುಮಾಸ್ತರನ್ನು ಕೊಡಿ. ಆಮೇಲೂ ಮುಖ್ಯ ಶಿಕ್ಷಕರು ತಡವರಿಸಿದರೆ ಅಗತ್ಯ ಅಳೆಯಲು ಬನ್ನಿ.