ತಲೆ ಎಣಿಸುವ ಲೆಕ್ಕ

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಮಕ್ಕಳು 18 ಇರಲಿ, 58 ಇರಲಿ, ಕಲಿಸಬೇಕಾದ ತರಗತಿಗಳು ಐದೇ. ಹಾಗಾಗಿ ತಲಾ ಲೆಕ್ಕ ಹಾಕಿದರೆ ಚಿಕ್ಕ ಶಾಲೆ ಯಾವಾಗಲೂ ದುಬಾರಿ. ದುಬಾರಿಯೆಂದು ಸವಲತ್ತು ಕಡಿತವಾದರೆ ಪೋಷಕರು ಇಂಗ್ಲಿಷ್ ಶಾಲೆಯತ್ತ ಹೊರಳುತ್ತಾರೆ. ಮರುವರ್ಷ ತಲೆಗಳು ಇನ್ನೂ ಕಡಿಮೆ.

ಮಕ್ಕಳಿಲ್ಲದ ಶಾಲೆಗೆ ದುಡ್ಡೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಲು ರಾಜ್ಯ, ಸ್ಥಳೀಯ ಸಂಸ್ಥೆಗಳೆರಡೂ ಯತ್ನಿಸಬೇಕು ಎನ್ನುತ್ತದೆ ಸಂವಿಧಾನದ 350ಎ ವಿಧಿ. ಇಂಗ್ಲೆಂಡಿನ ಸೂತ್ರದಲ್ಲಿ ಪ್ರತಿ ಶಾಲೆಗೂ ಒಂದು ಮೂಲ ಮೊತ್ತವಿದೆ. ತಲಾ ಅನುದಾನ ಅದರ ಮೇಲೆ. ಮುಂಬಯಿಗೂ ಅಂಥ ಸೂತ್ರ ಬೇಕು. ಶಾಲೆ ಉಳಿದರೆ ತಾನೇ ತಲೆ ಎಣಿಸುವುದು?